ಮನೆಯೊಡನೆ ಹೊರಟ ಯಾತ್ರೆ

ದೀರ್ಘಯಾತ್ರೆಗೆ ಹೊರಡುವ ಗೃಹಸ್ಥನು ಮನೆಯನ್ನು ಬಿಟ್ಟು ಹೋಗಬೇಕೆ ಅಥವಾ ಮನೆಯನ್ನೇ ಜೊತೆಗೆ ಒಯ್ಯಬಹುದೆ ಎಂಬುದು ಧರ್ಮಶಾಸ್ತ್ರದಷ್ಟೇ ಹಳೆಯ ಪ್ರಶ್ನೆ. ಹಾಸಿಗೆ, ಒಲೆ, ನೀರಿನ ತೊಟ್ಟಿ, ಕೆಲವೊಮ್ಮೆ ಶೌಚಾಲಯವನ್ನೂ ಒಳಗೊಂಡ ಮೋಟಾರು ಮನೆಗಳು, ಅಂದರೆ ವಾಸಕ್ಕೆಂದೇ ಸಜ್ಜುಗೊಳಿಸಿದ ವಾಹನಗಳು, ಭಾರತದ ರಸ್ತೆಗಳಲ್ಲಿ ಕಾಣತೊಡಗಿದ ಮೇಲೆ ಮತ್ತು 2021ರಲ್ಲಿ ಕೇರಳ ಸರ್ಕಾರವು ಕ್ಯಾರವಾನ್ ಪ್ರವಾಸಕ್ಕೆಂದೇ ನೀತಿಯೊಂದನ್ನು ಪ್ರಕಟಿಸಿದ ಮೇಲೆ, ಯಾವ ಬಗೆಯ ವಾಹನ ಮೇಲು ಎಂಬ ಚರ್ಚೆ ಬಹುಮಟ್ಟಿಗೆ ಬೆಲೆ, ಮೈಲೇಜು, ಸೌಕರ್ಯಗಳ ಸುತ್ತಲೇ ನಡೆದಿದೆ. ವಿಹಾರಕ್ಕೆ ಹೋಗುವವರಿಗೆ ಅಷ್ಟು ಸಾಕು. ತೀರ್ಥಕ್ಷೇತ್ರಕ್ಕೆ ಹೊರಟವರಿಗೆ ಮಾತ್ರ ಆ ಲೆಕ್ಕ ಸಾಲದು. ಮಂತ್ರಾಲಯ, ಉರುಕುಂದಿ, ಚಿಪ್ಪಗಿರಿಗಳನ್ನು ಒಡಲಲ್ಲಿಟ್ಟುಕೊಂಡ ಆದೋನಿ ಸೀಮೆಯ ಧಾರ್ಮಿಕ ಇತಿಹಾಸವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಕರ್ನೂಲು ಜಿಲ್ಲೆಯ ಪಶ್ಚಿಮದ ಈ ಸೀಮೆಯಲ್ಲಿ ಆದೋನಿ ಮತ್ತು ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಗಡಿ ಬದಲಾದರೂ ಯಾತ್ರಿಕರ ದಾರಿಗಳು ಬದಲಾಗಲಿಲ್ಲ.

ಯಾತ್ರೆಗೆ ವಾಹನ ಸಲ್ಲದು ಎಂಬ ನಿಲುವಿಗೆ ಶಾಸ್ತ್ರದಲ್ಲಿ ಬಲವಾದ ಆಧಾರವಿದೆ. ಮತ್ಸ್ಯಪುರಾಣದ ಪ್ರಯಾಗ ಮಾಹಾತ್ಮ್ಯವು ಎತ್ತಿನ ವಾಹನವನ್ನೇರಿ ಪ್ರಯಾಗಕ್ಕೆ ಹೋಗುವವನಿಗೆ ಘೋರ ನರಕವನ್ನು ವಿಧಿಸುತ್ತದೆ. ಅದಕ್ಕೆ ಕೊಡುವ ಕಾರಣವು ಮೂಕಪ್ರಾಣಿಗಳ ಸಂಕಟ ಮತ್ತು ಅವುಗಳ ಕೋಪ. ಅದೇ ಪ್ರಕರಣದಲ್ಲಿ ಐಶ್ವರ್ಯದ ಅಹಂಕಾರದಿಂದಲೋ, ಲೋಭದಿಂದಲೋ, ಮೋಹದಿಂದಲೋ ವಾಹನವೇರಿದವನ ತೀರ್ಥಯಾತ್ರೆ ನಿಷ್ಫಲವೆಂಬ ಮಾತೂ ಬರುತ್ತದೆ. ಆಮೇಲಿನ ನಿಬಂಧಕಾರರು, ಅಂದರೆ ಚದುರಿದ ಶಾಸ್ತ್ರವಚನಗಳನ್ನು ವಿಷಯವಾರು ಒಟ್ಟುಮಾಡಿ ಅರ್ಥ ನಿರ್ಣಯಿಸಿದ ಪಂಡಿತರು, ಈ ನಿಷೇಧ ಪ್ರಯಾಗಕ್ಕಷ್ಟೇ ಸಲ್ಲುತ್ತದೆಯೋ ಎಲ್ಲ ತೀರ್ಥಗಳಿಗೂ ಸಲ್ಲುತ್ತದೆಯೋ ಎಂದು ವಾದಿಸಿದ್ದಾರೆ. ತೀರ್ಥಯಾತ್ರೆಯ ಫಲವನ್ನು ಪಾಲು ಹಾಕಿ ಕಳೆಯುವ ಇನ್ನೊಂದು ವಚನವೂ ನಿಬಂಧಗಳಲ್ಲಿ ಪ್ರಸಿದ್ಧವಾಗಿದೆ: ವಾಹನವು ಅರ್ಧ ಫಲವನ್ನು, ಕೊಡೆ ಮತ್ತು ಪಾದರಕ್ಷೆಗಳು ಅದರ ಅರ್ಧವನ್ನು, ದಾರಿಯಲ್ಲಿ ಮಾಡುವ ವ್ಯಾಪಾರವು ಮುಕ್ಕಾಲನ್ನು ತಿಂದರೆ, ಪ್ರತಿಗ್ರಹವು, ಅಂದರೆ ದಾನವನ್ನು ಸ್ವೀಕರಿಸುವುದು, ಇಡೀ ಫಲವನ್ನೇ ನುಂಗಿಹಾಕುತ್ತದೆ. ಸುಖದ ಮೇಲಿನ ಆಕ್ಷೇಪ ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಲೆಕ್ಕದ ಕೊನೆಯ ಬಾಬನ್ನು ಗಮನಿಸಿದವರು ಕಡಿಮೆ. ವಾಹನವೇರಿ ಬಂದವನಿಗೆ ಅರ್ಧವಾದರೂ ಉಳಿಯುತ್ತದೆ, ಪರರ ಮುಂದೆ ಕೈಯೊಡ್ಡಿದ ಗೃಹಸ್ಥನಿಗೆ ಏನೂ ಉಳಿಯದು. ಹಾಗಿದ್ದಮೇಲೆ ತನ್ನ ಅಕ್ಕಿಬೇಳೆ, ಒಲೆ, ಹಾಸಿಗೆಗಳನ್ನು ತಾನೇ ಹೊತ್ತು ತರುವ ವಾಹನವನ್ನು ಶಾಸ್ತ್ರದ ಹೆಸರಿನಲ್ಲಿ ಒಂದೇ ಏಟಿಗೆ ತಳ್ಳಿಹಾಕಲಾಗದು.

ಸನ್ಯಾಸಿಯ ಲೆಕ್ಕ ಇದಕ್ಕೆ ತಿರುಗುಮುರುಗು. ಸನ್ಯಾಸಾಶ್ರಮವನ್ನು ಗ್ರಂಥಗಳು ನಾಲ್ಕು ಬಗೆಯಾಗಿ ವಿಂಗಡಿಸುತ್ತವೆ. ಕುಟೀಚಕನು ಗುಡಿಸಲಲ್ಲಿದ್ದು ಮಕ್ಕಳ ಮನೆಯ ಅನ್ನವನ್ನೇ ಉಣ್ಣುತ್ತಾನೆ. ಬಹೂದಕನು ದಂಡ ಕಮಂಡಲು ಹಿಡಿದು ತೀರ್ಥದಿಂದ ತೀರ್ಥಕ್ಕೆ ತಿರುಗುತ್ತ ಹಲವು ಮನೆಗಳ ಭಿಕ್ಷೆಯಿಂದ ಬದುಕುತ್ತಾನೆ. ಹಂಸನು ಹಳ್ಳಿಯಲ್ಲಿ ಒಂದು ರಾತ್ರಿ, ಪಟ್ಟಣದಲ್ಲಿ ಐದು ರಾತ್ರಿಗಿಂತ ಹೆಚ್ಚು ನಿಲ್ಲುವುದಿಲ್ಲ. ಪರಮಹಂಸನಿಗೆ ಮರದ ಬುಡ, ಪಾಳು ಮನೆ, ಸ್ಮಶಾನ ಯಾವುದಾದರೂ ಸರಿ. ಇದನ್ನು ವಸತಿಯ ವಿಂಗಡಣೆಯೆಂದೂ ಓದಬಹುದು. ಮೆಟ್ಟಿಲು ಏರಿದಂತೆ ಚಾವಣಿ ಕಳಚುತ್ತ ಹೋಗುತ್ತದೆ. ಸುಸಜ್ಜಿತ ಮೋಟಾರು ಮನೆಯಲ್ಲಿ ಊರೂರು ತಿರುಗುವವನು ಮೇಲ್ನೋಟಕ್ಕೆ ಬಹೂದಕನಂತೆ ಕಂಡರೂ ನಿಜದಲ್ಲಿ ಕುಟೀಚಕನೇ ಸರಿ, ಏಕೆಂದರೆ ಅವನು ತನ್ನ ಮನೆಯ ಅನ್ನದಿಂದ ಒಂದು ದಿನವೂ ದೂರವಾಗಿಲ್ಲ. ಇದು ಹೀಯಾಳಿಕೆಯ ಮಾತಲ್ಲ, ಕುಟೀಚಕನೂ ಸನ್ಯಾಸಿಯೇ.

ಆದೋನಿ ಸೀಮೆಯಲ್ಲಿ ಈ ಎರಡು ತುದಿಗಳ ನಡುವಿನ ಎಲ್ಲ ಬಗೆಯ ಸಂಚಾರವೂ ನಡೆದಿದೆ. ಮಾಧ್ವ ಪೀಠಾಧಿಪತಿಗಳ ಸಂಚಾರದಲ್ಲಿ ಸಂಸ್ಥಾನವೇ ಜೊತೆಗೆ ಹೊರಡುತ್ತದೆ. ಸಂಸ್ಥಾನವೆಂದರೆ ಪೀಠದ ಆರಾಧ್ಯ ಪ್ರತಿಮೆಗಳು, ಪೂಜಾ ಸಾಮಗ್ರಿ, ಗ್ರಂಥಗಳು, ಪಂಡಿತರು, ಪರಿಚಾರಕರು, ಅಡುಗೆಯವರು ಎಲ್ಲವೂ ಸೇರಿದ ಒಂದು ಚಲಿಸುವ ಮಠ. ಯತಿಯು ಬೀಡುಬಿಟ್ಟ ಊರಿನಲ್ಲೇ ಅಂದಿನ ಸಂಸ್ಥಾನ ಪೂಜೆ. ರಾಘವೇಂದ್ರ ಸ್ವಾಮಿಗಳು ಹೀಗೆ ದಕ್ಷಿಣದ ಉದ್ದಗಲಕ್ಕೂ ಸಂಚರಿಸಿ ಕೊನೆಗೆ ಆದೋನಿಯ ಅಧಿಕಾರಿಯಾಗಿದ್ದ ಸಿದ್ದಿ ಮಸೂದ್ ಖಾನನಿಂದ ತುಂಗಭದ್ರೆಯ ದಡದ ಮಂಚಾಲೆ ಗ್ರಾಮವನ್ನು, ಅಂದರೆ ಇಂದಿನ ಮಂತ್ರಾಲಯವನ್ನು, ಪಡೆದರೆಂದೂ 1671ರಲ್ಲಿ ಅಲ್ಲಿಯೇ ವೃಂದಾವನ ಪ್ರವೇಶ ಮಾಡಿದರೆಂದೂ ಪರಂಪರೆ ಹೇಳುತ್ತದೆ. ಹೊರಗಿನಿಂದ ನೋಡುವವರಿಗೆ ಸಂಸ್ಥಾನದ ಸಂಚಾರ ವೈಭವದ ಮೋಟಾರು ಮನೆಯಂತೆಯೇ ತೋರೀತು, ಆದರೆ ಅಲ್ಲಿ ಒಯ್ಯುವ ಮನೆ ಯತಿಯದಲ್ಲ, ದೇವರದು. ಯತಿ ಅದರ ಜೊತೆಗೆ ನಡೆಯುವ ಸೇವಕ. ಅದರ ಅಡುಗೆಮನೆಯೂ ಬೀಡುಬಿಟ್ಟ ಊರಿನವರಿಗೆ ತೀರ್ಥಪ್ರಸಾದ ಬಡಿಸುವುದಕ್ಕೇ ಇರುವುದು.

ಅದೇ ಸಂಪ್ರದಾಯದ ಹರಿದಾಸರು ಇನ್ನೊಂದು ದಾರಿ ಹಿಡಿದರು. ತಂಬೂರಿ, ತಾಳ, ಗೆಜ್ಜೆ ಮತ್ತು ಭಿಕ್ಷೆಯ ಗೋಪಾಳಬುಟ್ಟಿ ಇಷ್ಟೇ ಅವರ ಸಾಮಾನು. ಚೀಕಲಪರವಿಯಲ್ಲಿ ಹುಟ್ಟಿ ಕಾಶಿಯವರೆಗೂ ತಿರುಗಿದ ವಿಜಯದಾಸರು 1755ರಲ್ಲಿ ಚಿಪ್ಪಗಿರಿಯಲ್ಲಿ ದೇಹ ಬಿಟ್ಟರು; ಅವರ ಹೆಸರಿನ ಕಟ್ಟೆ ಇಂದಿಗೂ ಅಲ್ಲಿದೆ. ಅವರು ರಚಿಸಿದ ಕ್ಷೇತ್ರ ಸುಳಾದಿಗಳು, ಅಂದರೆ ಒಂದೊಂದು ತೀರ್ಥಸ್ಥಳವನ್ನು ಕುರಿತು ಹಲವು ತಾಳಗಳಲ್ಲಿ ಹಾಡುವ ದೀರ್ಘ ಕೃತಿಗಳು, ಕಂಡವರ ಮನೆಯ ಜಗುಲಿಯಲ್ಲಿ ಮಲಗಿ ಎದ್ದವನ ತಿರುಗಾಟದ ಫಲ. ಇನ್ನೂ ಮುಂದೆ ಹೋದರೆ ಆದೋನಿಯ ಬೀದಿಗಳಲ್ಲೇ ಮನೆ, ಬಟ್ಟೆ, ಪಾತ್ರೆ ಯಾವುದರ ಹಂಗೂ ಇಲ್ಲದೆ ಅವಧೂತೆಯಾಗಿ ತಿರುಗಿದ ಮಹಾಯೋಗಿ ಲಕ್ಷ್ಮಮ್ಮನವರ ಉದಾಹರಣೆ ಸಿಗುತ್ತದೆ. ಅವಧೂತರೆಂದರೆ ಲೋಕದ ಕಟ್ಟುಪಾಡುಗಳನ್ನೆಲ್ಲ ಕೊಡವಿಕೊಂಡವರು. ಅಂಥವರಿಗೂ ಭಕ್ತರು ಗುಡಿ ಕಟ್ಟಿ ತೇರೆಳೆಯುತ್ತಿದ್ದಾರೆ. ವೀರಶೈವರು ಸ್ಥಾವರ ಜಂಗಮಗಳ ಸಮಸ್ಯೆಯನ್ನು ಬೇರೆಯೇ ರೀತಿಯಲ್ಲಿ ಬಿಡಿಸಿದರು: ಇಷ್ಟಲಿಂಗವನ್ನು ಮೈಮೇಲೆ ಧರಿಸಿದವನಿಗೆ ದೇಹವೇ ದೇಗುಲವಾದ್ದರಿಂದ, ಒಯ್ಯಬೇಕಾದ ಇನ್ನೊಂದು ಮನೆಯೂ ಇಲ್ಲ, ಬಿಡಬೇಕಾದ ಮನೆಯೂ ಇಲ್ಲ. ಆದರೂ ಯುಗಾದಿಗೆ ಮುನ್ನ ಉತ್ತರ ಕರ್ನಾಟಕದಿಂದ ಕಂಬಿ ಹೊತ್ತು, ಅಂದರೆ ಮಲ್ಲಯ್ಯನ ಪ್ರತೀಕವಾದ ಅಲಂಕೃತ ದಂಡವನ್ನು ಹೆಗಲ ಮೇಲಿಟ್ಟುಕೊಂಡು, ಕರ್ನೂಲು ಸೀಮೆಯನ್ನು ಹಾದು ಶ್ರೀಶೈಲಕ್ಕೆ ನಡೆಯುವವರ ಸಾಲು ಇನ್ನೂ ಕಡಿದಿಲ್ಲ. ದಾರಿಯ ಊರಿನವರು ಅವರಿಗೆ ಮಜ್ಜಿಗೆ, ಅನ್ನ, ರೊಟ್ಟಿ ಕೊಡುವ ರೂಢಿಯೂ ನಿಂತಿಲ್ಲ.

ಮೋಟಾರು ಮನೆಯ ಬಗೆಗಳನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಿದರೆ ಕಂಪನಿಗಳ ವಿಂಗಡಣೆಗೆ ಬೇರೊಂದು ಅರ್ಥ ಬರುತ್ತದೆ. ಮೊದಲನೆಯದು ಕ್ಯಾಂಪರ್ ವ್ಯಾನ್: ಟೆಂಪೊ ಟ್ರಾವೆಲರ್ ಗಾತ್ರದ ವಾಹನದೊಳಗೆ ಮಡಚುವ ಹಾಸಿಗೆ, ಸಣ್ಣ ಗ್ಯಾಸ್ ಒಲೆ, ನೀರಿನ ಕ್ಯಾನು ಇರುತ್ತವೆ; ಸ್ನಾನ ಶೌಚಗಳಿಗೆ ಹೊರಗಿನ ಆಸರೆ ಬೇಕೇ ಬೇಕು. ಎರಡನೆಯದು ಬಸ್ಸಿನ ಚಾಸಿಯ ಮೇಲೆ ಕಟ್ಟಿದ ಪೂರ್ಣಪ್ರಮಾಣದ ಮನೆ. ಅದರಲ್ಲಿ ಶೌಚಾಲಯ, ಫ್ರಿಜ್, ಹವಾನಿಯಂತ್ರಣ, ಬ್ಯಾಟರಿ, ಬಳಸಿದ ನೀರಿಗೂ ಮಲಕ್ಕೂ ಪ್ರತ್ಯೇಕ ತೊಟ್ಟಿಗಳು ಇರುತ್ತವೆ. ಮೂರನೆಯದು ಬೇರೆ ವಾಹನ ಎಳೆದೊಯ್ಯುವ ಟ್ರೇಲರ್ ಮನೆ. ತಂಗುವ ಜಾಗದಲ್ಲಿ ಅದನ್ನು ಕಳಚಿಟ್ಟು ವಾಹನವನ್ನು ಬೇರೆ ಓಡಾಟಕ್ಕೆ ಬಳಸಬಹುದು. ಜೀಪಿನ ನೆತ್ತಿಯ ಮೇಲೆ ಬಿಚ್ಚುವ ಗುಡಾರವನ್ನು ಮನೆಯೆಂದು ಕರೆಯಲಾಗದು.

ಎರಡನೆಯ ಬಗೆಯಲ್ಲಿ ಸೌಕರ್ಯ ಪೂರ್ಣ. ಅದರ ತೊಡಕು ಹುಟ್ಟುವುದೂ ಆ ಪೂರ್ಣತೆಯಿಂದಲೇ. ಅದರಲ್ಲಿ ಬಂದವನು ಛತ್ರದ ಗುಮಾಸ್ತನನ್ನಾಗಲಿ, ಊರಿನ ಬೋರ್‌ವೆಲ್ಲನ್ನಾಗಲಿ, ಪಕ್ಕದ ಯಾತ್ರಿಕನನ್ನಾಗಲಿ ಮಾತಾಡಿಸದೆಯೇ ದರ್ಶನ ಮುಗಿಸಿ ಮರಳಬಲ್ಲನು. ಅದರ ತಿರುವಿಗೂ ತೂಕಕ್ಕೂ ಒಗ್ಗುವ ದಾರಿಗಳು ಹೆದ್ದಾರಿಯಾಚೆ ವಿರಳ. ಶ್ರಾವಣದ ಮಳೆ ಬಿದ್ದ ಎರೆ ನೆಲದಲ್ಲಿ, ಅಂದರೆ ಆದೋನಿಯ ಹತ್ತಿ ಮಾರುಕಟ್ಟೆಯನ್ನು ಸಾಕಿದ ಅದೇ ಕರಿಮಣ್ಣಿನಲ್ಲಿ, ರಸ್ತೆ ಬಿಟ್ಟು ಕೆಳಗಿಳಿದ ಭಾರವಾಹನದ ಗಾಲಿ ಹೂತರೆ ಎಳೆಯಲು ಊರಿನ ಟ್ರ್ಯಾಕ್ಟರೇ ಬರಬೇಕು. ಆಗಲಾದರೂ ಮಾತುಕತೆ ಶುರುವಾದೀತು.

ಮಡಿಯ ಪ್ರಶ್ನೆ ಇಲ್ಲಿ ಕುತೂಹಲಕರ ತಿರುವು ಪಡೆಯುತ್ತದೆ. ಮಡಿಯೆಂದರೆ ಸ್ನಾನ ಮಾಡಿ ಒಗೆದ ಬಟ್ಟೆಯುಟ್ಟು ಮೈಲಿಗೆ ಸೋಕದಂತೆ ಅಡುಗೆ ಪೂಜೆಗಳನ್ನು ನಡೆಸುವ ಶುದ್ಧಿಯ ನಿಯಮ. ಹೊರಗಿನ ಅನ್ನ ತಿನ್ನದ ಮನೆತನಗಳು ಮಂತ್ರಾಲಯಕ್ಕೆ ಹೊರಡುವಾಗ ಪಾತ್ರೆ ಪಡಗಗಳನ್ನು ಕಟ್ಟಿಕೊಂಡೇ ಹೋಗುತ್ತಿದ್ದುದರಿಂದ, ಸ್ವಂತ ಅಡುಗೆಮನೆಯುಳ್ಳ ವಾಹನವು ಅವರಿಗಾಗಿಯೇ ತಯಾರಾದಂತೆ ಕಾಣುವುದು ಸಹಜ. ಆದರೆ ಹಳೆಯ ತೊಟ್ಟಿಮನೆಯಲ್ಲಿ ಅಡುಗೆಮನೆಗೂ ಹಿತ್ತಲಿನ ಬಚ್ಚಲಿಗೂ ಎಷ್ಟು ಹೆಜ್ಜೆಗಳ ಅಂತರವಿತ್ತೋ ಅಷ್ಟು ಉದ್ದವೇ ಇಡೀ ವಾಹನಕ್ಕಿಲ್ಲ. ಶೌಚಾಲಯದ ಬಾಗಿಲು ತೆರೆದರೆ ಒಲೆಯ ಕಟ್ಟೆಗೆ ತಾಗುತ್ತದೆ. ಮಡಿಗಾಗಿ ಪೂರ್ಣಪ್ರಮಾಣದ ಮನೆಯನ್ನು ಆರಿಸಿಕೊಂಡವರು ಮಡಿಯನ್ನೇ ಕಳೆದುಕೊಳ್ಳುತ್ತಾರೆ, ಶೌಚಾಲಯವಿಲ್ಲದ ಸಣ್ಣ ವ್ಯಾನೇ ಅವರ ಆಚಾರಕ್ಕೆ ಹತ್ತಿರ. ಮುಪ್ಪಿನವರು, ಕಾಯಿಲೆಯವರು, ಮಂಡಿ ಬಾಗದವರು ಜೊತೆಗಿದ್ದಾಗ ಲೆಕ್ಕ ಬೇರೆ. ಆಪದ್ಧರ್ಮ, ಅಂದರೆ ಕಷ್ಟಕಾಲಕ್ಕೆ ಒಪ್ಪುವ ಸಡಿಲಿಕೆ, ಶಾಸ್ತ್ರದ ಹೊರಗಿನದಲ್ಲ, ಒಳಗಿನದೇ. ತಾಯಿಯನ್ನು ಕೂರಿಸಿಕೊಂಡು ಬರಲು ಶೌಚಾಲಯವುಳ್ಳ ವಾಹನವನ್ನೇ ಆರಿಸಿಕೊಂಡ ಮಗನಲ್ಲಿ ಪುರಾಣ ಹೇಳುವ ಐಶ್ವರ್ಯ, ಲೋಭ, ಮೋಹಗಳನ್ನು ಹುಡುಕುವುದು ಕ್ರೌರ್ಯ.

ಆ ಶೌಚಾಲಯದ ತೊಟ್ಟಿ ಖಾಲಿಯಾಗುವುದು ಎಲ್ಲಿ ಎಂಬ ಪ್ರಶ್ನೆಗೆ ಮಾತ್ರ ವಿನಾಯಿತಿ ಇಲ್ಲ. ತೀರ್ಥಜಲದಲ್ಲಿ ಮಲಮೂತ್ರ ಬಿಡುವುದು, ಮೈಕೊಳೆ ತಿಕ್ಕುವುದು, ಬಟ್ಟೆ ಒಗೆಯುವುದು ನಿಷಿದ್ಧವೆಂದು ಧರ್ಮಗ್ರಂಥಗಳು ಸಾರಿವೆ. ಪಶ್ಚಿಮ ದೇಶಗಳ ತಂಗುದಾಣಗಳಲ್ಲಿ ಇಂಥ ತೊಟ್ಟಿಗಳನ್ನು ಬರಿದುಮಾಡಲು ಒಳಚರಂಡಿಗೆ ಜೋಡಿಸಿದ ಗುಂಡಿಗಳಿರುತ್ತವೆ. ಇಲ್ಲಿಯ ಕ್ಷೇತ್ರಗಳ ವಾಹನ ನಿಲುಗಡೆ ಬಯಲುಗಳು ಬಸ್ಸು, ಜೀಪು, ಕ್ರೂಸರುಗಳಿಗಾಗಿ ಆದವು. ರಾತ್ರಿಯ ಕತ್ತಲಲ್ಲಿ ಹಳ್ಳದ ಬದಿಗೆ ಕೊಳವೆ ಬಿಚ್ಚುವ ವಾಹನ ತುಂಗಭದ್ರೆಯ ಯಾತ್ರೆಗೆ ಬಂದದ್ದಾಗಲಾರದು. ತೊಟ್ಟಿಗೆ ದಾರಿ ಗೊತ್ತಿಲ್ಲದವನು ತೊಟ್ಟಿಯಿರುವ ವಾಹನವನ್ನು ಆರಿಸಿಕೊಳ್ಳಬಾರದು.

ಇನ್ನು ಟ್ರೇಲರ್. ಇದರ ದೇಶೀ ರೂಪವನ್ನು ನೋಡಬೇಕಾದರೆ ಶ್ರಾವಣ ಮಾಸದಲ್ಲಿ ಉರುಕುಂದಿ ಈರಣ್ಣನ ಜಾತ್ರೆಗೆ ಹೋಗಬೇಕು. ಕರ್ನಾಟಕದ ಗಡಿ ಜಿಲ್ಲೆಗಳಿಂದಲೂ ಭಕ್ತರು ಬಂದು ಸೇರುವ ಈ ಕ್ಷೇತ್ರಕ್ಕೆ ಹಿಂದೆ ಸವಾರಿ ಬಂಡಿಗಳು ಬರುತ್ತಿದ್ದವು: ಬಿದಿರಿನ ಕಮಾನು, ಮೇಲೆ ತಟ್ಟಿ, ಒಳಗೆ ಹುಲ್ಲಿನ ಮೆತ್ತೆ, ಮೂಕಿಯ ಕೆಳಗೆ ನೇತುಹಾಕಿದ ನೀರಿನ ಬಿಂದಿಗೆ. ಆ ಜಾಗಕ್ಕೆ ಟ್ರ್ಯಾಕ್ಟರ್ ಬಂದ ಮೇಲೆ ಟ್ರೇಲರಿನ ಮೇಲೆ ತಾಡಪತ್ರಿ ಹೊದಿಸಿ, ಅಡಿಗೆ ಹುಲ್ಲು ಹಾಸಿ, ಅಜ್ಜಿಯಿಂದ ಹಸುಗೂಸಿನವರೆಗೆ ಒಂದೇ ಮನೆಯ ಹದಿನೈದಿಪ್ಪತ್ತು ಜನ ಕೂತು ಬರುವ ಪದ್ಧತಿ ಬೆಳೆಯಿತು. ಹಿಟ್ಟು, ಬೇಳೆ, ಬೆಲ್ಲ, ಕಟ್ಟಿಗೆ ಎಲ್ಲವೂ ಅದರಲ್ಲೇ ಬರುತ್ತವೆ. ಒಲೆ ಮಾತ್ರ ವಾಹನದೊಳಗಿಲ್ಲ. ಮೂರು ಕಲ್ಲಿಟ್ಟು ಬಯಲಿನಲ್ಲೇ ಬೆಂಕಿ ಮಾಡಬೇಕು, ಹೊಗೆ ಪಕ್ಕದ ಬಿಡಾರಕ್ಕೆ ಹೋಗುತ್ತದೆ, ಪಕ್ಕದವರ ಉಪ್ಪು ಇತ್ತ ಬರುತ್ತದೆ, ಎಡೆ ಹಿಡಿದ ಮೇಲೆ ಹಾದುಹೋಗುವವನನ್ನು ಊಟಕ್ಕೆ ಕರೆಯದಿದ್ದರೆ ಮನೆಯ ಹಿರಿಯಳಿಗೆ ಸಮಾಧಾನವಿಲ್ಲ. ಶಾಸ್ತ್ರದ ಲೆಕ್ಕದಲ್ಲಿ ಈ ಕುಟುಂಬದ್ದು ವಿಚಿತ್ರ ಸ್ಥಾನ: ವಾಹನವೇರಿದ್ದರಿಂದ ಅರ್ಧ ಫಲ ಹೋಯಿತು, ಸ್ವಂತ ಬುತ್ತಿ ತಂದದ್ದರಿಂದ ಪ್ರತಿಗ್ರಹದ ದೋಷ ತಟ್ಟಲಿಲ್ಲ, ಅನ್ನವಿಕ್ಕಿದ್ದರಿಂದ ಗೃಹಸ್ಥಧರ್ಮ ಯಾತ್ರೆಯಲ್ಲೂ ಮುಂದುವರಿಯಿತು. ಗೃಹಸ್ಥನು ಯಾತ್ರೆಯಲ್ಲಿ ಸನ್ಯಾಸಿಯ ವೇಷ ಹಾಕಬೇಕಾಗಿಲ್ಲ, ಮನೆಯನ್ನು ಒಯ್ದರೆ ಅದರ ಜಗುಲಿಯನ್ನೂ ಒಯ್ಯಬೇಕು. ಬದಿಗೆ ಚಪ್ಪರ ಬಿಚ್ಚಿ ಹೊರಗೆ ಅಡುಗೆ ಮಾಡಲು ಅನುವಿರುವ ಸಣ್ಣ ವ್ಯಾನು ಅಥವಾ ಕಳಚಿಡುವ ಟ್ರೇಲರು ಬಸ್ಸಿನ ಗಾತ್ರದ ಮನೆಗಿಂತ ಮೇಲೆಂದು ಹೇಳಬೇಕಾಗುವುದು ಈ ಕಾರಣಕ್ಕೆ, ಬೆಲೆ ಕಡಿಮೆಯೆಂಬ ಕಾರಣಕ್ಕಲ್ಲ.

ಮತ್ಸ್ಯಪುರಾಣದ ನಿಷೇಧಕ್ಕೆ ಮೂಲವಾದ ಮೂಕಪ್ರಾಣಿಯ ಸಂಕಟ ಎಂಜಿನ್ ಬಂದೊಡನೆ ಮುಗಿದುಹೋಯಿತೆಂದು ತಿಳಿಯುವುದು ಅವಸರದ ತೀರ್ಮಾನ. ಬಾಡಿಗೆಗೆ ಸಿಗುವ ಮೋಟಾರು ಮನೆಗಳ ಜೊತೆಗೆ ಸಾಮಾನ್ಯವಾಗಿ ಚಾಲಕನೂ ಬರುತ್ತಾನೆ. ಇಬ್ಬರಿಗೋ ನಾಲ್ವರಿಗೋ ಎಂದು ಎಣಿಸಿ ಹಾಸಿಗೆ ಜೋಡಿಸುವಾಗ ಆ ಎಣಿಕೆಯಲ್ಲಿ ಅವನು ಸೇರುವುದಿಲ್ಲ; ಹಗಲೆಲ್ಲ ಓಡಿಸಿದವನು ರಾತ್ರಿ ಸೊಳ್ಳೆಯ ನಡುವೆ ಸೀಟಿನಲ್ಲೇ ಮುದುಡಿ ಮಲಗಿ, ಬೆಳಗಿನ ಜಾವಕ್ಕೆ ಮತ್ತೆ ಸ್ಟೇರಿಂಗ್ ಹಿಡಿಯಬೇಕು. ಬಂಡಿಯ ಕಾಲದಲ್ಲಿ ಬೀಡುಬಿಟ್ಟ ಕೂಡಲೇ ನೊಗ ಇಳಿಸಿ ಎತ್ತಿಗೆ ನೀರು ತೋರಿಸಿ ಹುಲ್ಲು ಹಾಕಿದ ಮೇಲೆಯೇ ಮನುಷ್ಯರ ಊಟ ಎಂಬ ಕಟ್ಟಳೆಯಿತ್ತು. ವಾಹನದ ನಕ್ಷೆಯನ್ನು ಕೈಗೆತ್ತಿಕೊಂಡು ಒಲೆ ಎಲ್ಲಿ, ತೊಟ್ಟಿ ಎಲ್ಲಿ ಎಂದು ನೋಡುವ ಯಾತ್ರಿಕನು ಚಾಲಕನ ಹಾಸಿಗೆ ಎಲ್ಲಿದೆಯೆಂಬುದನ್ನು ಮೊದಲು ಕೇಳಬೇಕಾಗುತ್ತದೆ, ನಕ್ಷೆಯಲ್ಲಿ ಅದಿಲ್ಲದಿದ್ದರೆ ಮಂತ್ರಾಲಯದ ಛತ್ರದಲ್ಲಿ ಅವನ ಹೆಸರಿಗೊಂದು ಕೋಣೆಯನ್ನು ಹೊರಡುವ ಮುಂಚೆಯೇ ಗೊತ್ತುಮಾಡಬೇಕಾಗುತ್ತದೆ.