ಆಕಸ್ಮಿಕ ಭಯವೂ ವ್ರತನಿಷ್ಠೆಯೂ

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೊದಲನೆಯದು ನಿಶ್ಶಂಕಿತ. ಸಮ್ಯಗ್ದೃಷ್ಟಿಯಾದವನು ಇಹಲೋಕ, ಪರಲೋಕ, ಅರಕ್ಷಾ, ಅಗುಪ್ತಿ, ಮರಣ, ವೇದನಾ, ಆಕಸ್ಮಿಕ ಎಂಬ ಸಪ್ತಭಯಗಳಿಂದ ಮುಕ್ತನೆಂದು ಆಚಾರ್ಯರು ಹೇಳಿದ್ದಾರೆ. ಹೀಗಿರುವಾಗ, ವ್ರತವನ್ನು ಕೈಕೊಂಡವರನ್ನು ಕಾರಣವಿಲ್ಲದೆ ಭಯವು ಮುತ್ತಿದರೆ ಅವರ ಶ್ರದ್ಧೆಯಲ್ಲಿಯೇ ಲೋಪವಿದೆಯೆಂದು ತಿಳಿಯಬೇಕೆ? ಆ ಭಯಕ್ಕೆ ವೈದ್ಯರ ನೆರವನ್ನು ಬೇಡುವುದು ಧರ್ಮದಲ್ಲಿ ಅವಿಶ್ವಾಸವೆನಿಸುವುದೆ? ಅನೇಕ ಮನೆಗಳಲ್ಲಿ ಈ ಪ್ರಶ್ನೆಯು ಬಾಯಿಗೆ ಬಾರದೆ ಒಳಗೇ ಸುಡುತ್ತಿರುವುದರಿಂದ ಇದರ ವಿಚಾರ ಅವಶ್ಯಕ.

ಮೊದಲು ಬಾಧೆಯ ಸ್ವರೂಪವನ್ನು ಅರಿಯಬೇಕು. ದಶಲಕ್ಷಣ ಪರ್ವದಲ್ಲಿ ಉಪವಾಸವಿದ್ದು ಬಸದಿಯಲ್ಲಿ ಕುಳಿತ ಶ್ರಾವಕಿಯೊಬ್ಬಳಿಗೆ ಇದ್ದಕ್ಕಿದ್ದಂತೆ ಎದೆ ಬಡಿದುಕೊಳ್ಳುತ್ತದೆ, ಉಸಿರು ಕಟ್ಟಿದಂತಾಗುತ್ತದೆ, ಮೈ ಬೆವರಿ ಕೈಕಾಲು ನಡುಗುತ್ತವೆ, ಈಗಲೇ ಪ್ರಾಣ ಹೋಗುವುದೆಂದು ತೋರುತ್ತದೆ. ವೈದ್ಯರು ಇದನ್ನು ಪ್ಯಾನಿಕ್ ಅಟ್ಯಾಕ್ ಎನ್ನುತ್ತಾರೆ. ಅಪಾಯ ಬಂದಾಗ ದೇಹವನ್ನು ಓಟಕ್ಕೋ ಹೋರಾಟಕ್ಕೋ ಸಜ್ಜುಗೊಳಿಸುವ ನರವ್ಯವಸ್ಥೆಯು ಅಪಾಯವಿಲ್ಲದಾಗಲೂ ಎಚ್ಚೆತ್ತುಕೊಳ್ಳುತ್ತದೆ. ಉಸಿರಾಟ ಅತಿವೇಗವಾದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡು ತಗ್ಗಿ, ತಲೆ ಸುತ್ತಿ, ಬೆರಳುಗಳು ಜುಮ್ಮೆನ್ನುತ್ತವೆ. ಅದನ್ನು ಕಂಡು ಭಯವು ಇಮ್ಮಡಿಸುತ್ತದೆ. ಈ ಉಗ್ರತೆ ಕೆಲವೇ ನಿಮಿಷಗಳಲ್ಲಿ ತುದಿಗೇರಿ ಬಳಿಕ ಇಳಿಯುವುದು. ಆದರೆ ‘ಮತ್ತೆ ಯಾವಾಗ ಬಂದೀತೋ’ ಎಂಬ ಶಂಕೆ ಉಳಿದುಬಿಡುತ್ತದೆ. ಶಾಸ್ತ್ರವು ಆಕಸ್ಮಿಕ ಭಯವೆಂದು ಹೆಸರಿಸಿದುದಕ್ಕೆ ಇದು ಬಹು ಸಮೀಪ. ಆಕೆ ಕ್ರಮೇಣ ಬಸದಿಗೆ ಹೋಗುವುದನ್ನೇ ಬಿಡುತ್ತಾಳೆ. ನೆರೆಯವರು ‘ಭಕ್ತಿ ಸಾಲದು’ ಎನ್ನುತ್ತಾರೆ; ಆಕೆಯೂ ಅದನ್ನೇ ನಂಬುತ್ತಾಳೆ.

ಕರ್ಮಸಿದ್ಧಾಂತವು ಈ ಮಾತನ್ನು ಸಮ್ಮತಿಸುವುದಿಲ್ಲ. ಶ್ರದ್ಧೆಯನ್ನು ಕೆಡಿಸುವುದು ದರ್ಶನಮೋಹನೀಯ. ಭಯವಾದರೋ ಒಂಬತ್ತು ನೋಕಷಾಯಗಳಲ್ಲಿ ಒಂದಾಗಿ ಚಾರಿತ್ರಮೋಹನೀಯಕ್ಕೆ ಸೇರಿದೆ. ಸಮ್ಯಕ್ತ್ವವು ನಾಲ್ಕನೆಯ ಗುಣಸ್ಥಾನದಲ್ಲಿಯೇ ಇರುವುದು; ಭಯನೋಕಷಾಯದ ಉದಯವು ಎಂಟನೆಯ ಅಪೂರ್ವಕರಣದವರೆಗೂ ಸಂಭವಿಸುವುದು. ಆರನೆಯ ಗುಣಸ್ಥಾನದ ಮಹಾವ್ರತಿಗಳಿಗೇ ಅದು ಪೂರ್ಣವಾಗಿ ತಪ್ಪದಿರುವಾಗ, ಗೃಹಸ್ಥರ ಭಯವನ್ನು ಮಿಥ್ಯಾತ್ವವೆನ್ನುವುದು ಹೇಗೆ? ಸಪ್ತಭಯಮುಕ್ತಿಯೆಂದರೆ ಆತ್ಮನು ಅವಿನಾಶಿಯೆಂಬ ನಂಬಿಕೆ ಕದಲದಿರುವುದು. ಎದೆ ಬಡಿದುಕೊಳ್ಳುತ್ತಿರುವಾಗಲೂ ಆ ನಂಬಿಕೆ ಉಳಿದಿರಬಲ್ಲದು.

‘ಕರ್ಮಫಲವೆಂದಮೇಲೆ ಸಹಿಸಿ ನಿರ್ಜರೆ ಮಾಡಿಕೊಳ್ಳಬಾರದೇಕೆ?’ ಎಂದು ಕೆಲವರು ಕೇಳಬಹುದು. ಸಮಭಾವದಿಂದ ಸಹಿಸಿದರೆ ನಿರ್ಜರೆ ನಿಜ. ಆದರೆ ಹಗಲಿರುಳು ವೇದನೆಯನ್ನೇ ನೆನೆದು ಕೊರಗುವುದು ಆರ್ತಧ್ಯಾನ. ಅದು ಬಂಧಕ್ಕೆ ಕಾರಣ. ಕರ್ಮದ ಉದಯವು ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ನಿಮಿತ್ತವನ್ನು ಅವಲಂಬಿಸುವುದರಿಂದ, ಔಷಧದಿಂದಲೂ ಹಿತವಚನದಿಂದಲೂ ಆ ನಿಮಿತ್ತವನ್ನು ತಿದ್ದುವುದು ಪುರುಷಾರ್ಥವೇ ಆಗಿದೆ. ಭಸ್ಮಕ ರೋಗದಿಂದ ಪೀಡಿತರಾದ ಸಮಂತಭದ್ರರು ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ಒಪ್ಪದೆ, ಮೊದಲು ರೋಗವನ್ನು ಶಮನಗೊಳಿಸಿಕೊಳ್ಳುವಂತೆ ಆಜ್ಞಾಪಿಸಿದರೆಂದೂ, ಗುಣಹೊಂದಿದ ಬಳಿಕ ಅವರು ಮರಳಿ ದೀಕ್ಷೆ ಪಡೆದರೆಂದೂ ಪರಂಪರೆಯ ಕಥೆಯಿದೆ. ಚತುರ್ವಿಧ ದಾನಗಳಲ್ಲಿ ಔಷಧದಾನ, ಅಭಯದಾನಗಳೆರಡೂ ಇವೆ. ಕೊಡುವುದು ಪುಣ್ಯವಾದರೆ ಬೇಕಾದವರು ಪಡೆಯುವುದು ಪಾಪವಾಗಲಾರದು.

ಇನ್ನು ಉಪವಾಸದ ಮಾತು. ತೀರ್ಥಂಕರ ಪ್ರಕೃತಿಗೆ ಕಾರಣವಾದ ಹದಿನಾರು ಭಾವನೆಗಳಲ್ಲಿ ‘ಶಕ್ತಿತಸ್ತಪ’ವೆಂಬುದೊಂದು. ಇದ್ದ ಶಕ್ತಿಯನ್ನು ಬಚ್ಚಿಡಲೂ ಬಾರದು, ಇಲ್ಲದ ಶಕ್ತಿಯನ್ನು ನಟಿಸಲೂ ಬಾರದು. ಹಸಿವು, ನೀರಿನ ಕೊರತೆಗಳಿಂದಲೇ ಕೆಲವರಿಗೆ ಎದೆಬಡಿತ, ತಲೆಸುತ್ತು ಉಂಟಾಗುತ್ತವೆ. ನಿತ್ಯ ಮಾತ್ರೆ ಸೇವಿಸುವವರು ಅದನ್ನು ಪರ್ವದ ನಿಮಿತ್ತ ತಟ್ಟನೆ ನಿಲ್ಲಿಸುವುದು ಹಾನಿಕರ. ಆದುದರಿಂದ ವ್ರತಸ್ವೀಕಾರಕ್ಕೆ ಮೊದಲೇ ಗುರುಗಳಿಗೂ ವೈದ್ಯರಿಗೂ ಸ್ಥಿತಿಯನ್ನು ಮುಚ್ಚಿಡದೆ ತಿಳಿಸಬೇಕು. ಬಾಹ್ಯತಪಗಳು ಆರು, ಅನಶನವು ಸಾಧ್ಯವಾಗದಲ್ಲಿ ಅವಮೌದರ್ಯವಿದೆ, ರಸಪರಿತ್ಯಾಗವಿದೆ.

ಮೊದಲ ಬಾರಿ ಇಂಥ ಬಾಧೆ ಬಂದಾಗ ವೈದ್ಯರಿಂದ ಪರೀಕ್ಷೆ ಮಾಡಿಸುವುದು ಅಗತ್ಯ. ಹೃದಯದ ಹಾಗೂ ಥೈರಾಯ್ಡ್ ಗ್ರಂಥಿಯ ರೋಗಗಳಲ್ಲಿಯೂ ಇಂಥವೇ ಲಕ್ಷಣಗಳು ತೋರುವುವು. ಭಯದ ಬಾಧೆಯೆಂದು ನಿಶ್ಚಯವಾದರೆ ಮಾತಿನ ಚಿಕಿತ್ಸೆ, ಔಷಧ ಎರಡೂ ಉಂಟು. ಬಹುಮಂದಿ ಇವುಗಳಿಂದ ಸುಧಾರಿಸುತ್ತಾರೆ. ಬೆಂಗಳೂರಿನಲ್ಲಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ದೂರವಾಣಿ ಮಾಡಿದರೆ ಕನ್ನಡದಲ್ಲಿಯೂ ಶುಲ್ಕವಿಲ್ಲದೆ ಸಲಹೆ ದೊರೆಯುತ್ತದೆ.

ಸಮಾಜದ ಹೊಣೆಯೂ ಚಿಕ್ಕದಲ್ಲ. ಮಾರ್ಗದಿಂದ ಜಾರುತ್ತಿರುವವರನ್ನು ಮತ್ತೆ ನೆಲೆಗೊಳಿಸುವುದು ಸ್ಥಿತಿಕರಣ. ರೋಗಿಗಳ ಸೇವೆ ವೈಯಾವೃತ್ಯ. ನಡುಗುವವರ ಪಕ್ಕದಲ್ಲಿ ಕುಳಿತು, ‘ಇದು ಇಳಿಯುತ್ತದೆ, ನಿಧಾನವಾಗಿ ಉಸಿರಾಡಿರಿ’ ಎಂದು ಹೇಳಿ, ಮರುದಿನ ಜೊತೆಗೂಡಿ ಆಸ್ಪತ್ರೆಗೆ ಕರೆದೊಯ್ಯುವವರು ಅಭಯದಾನವನ್ನೇ ಮಾಡಿದಂತೆ. ಆ ದಾನಕ್ಕೆ ಧನ ಬೇಡ. ನಿಂದಿಸದ ನಾಲಗೆಯೊಂದು ಸಾಕು.