ಕಾಡ್ಗಿಚ್ಚು ಮತ್ತು ಗೋಪಾಲನ ಕೃಪೆ

ಶ್ರೀ ಹಿಮವದ್ ಗೋಪಾಲಸ್ವಾಮಿಯು ನೆಲೆಸಿರುವ ಈ ಬೆಟ್ಟವು ವರ್ಷದ ಬಹುಕಾಲ ಮಂಜು ಮುಸುಕಿ ತಣ್ಣಗಿರುತ್ತದೆ. ಹಾಗಿದ್ದರೂ ಸಂಕ್ರಾಂತಿ ಕಳೆದು ಮಾಘಮಾಸ ಬಂತೆಂದರೆ ಸುತ್ತಲ ಬಂಡೀಪುರದ ಕಾಡಿನಲ್ಲಿ ಆಳೆತ್ತರದ ಹುಲ್ಲು ಒಣಗಿ ನಿಲ್ಲುತ್ತದೆ. ಅಲ್ಲಿಂದ ಮುಂಗಾರು ಪೂರ್ವದ ಮಳೆ ಬೀಳುವ ತನಕ ಕಾಡಂಚಿನ ಊರುಗಳವರಿಗೆ ಕಾಡ್ಗಿಚ್ಚಿನ ಭಯ ತಪ್ಪಿದ್ದಲ್ಲ.

ಕಾಡ್ಗಿಚ್ಚಿಗೂ ಗೋಪಾಲನಿಗೂ ಹಳೆಯ ಸಂಬಂಧವಿದೆ. ಶ್ರೀಮದ್ಭಾಗವತದ ದಶಮಸ್ಕಂಧದಲ್ಲಿ ಈ ಕಥೆ ಬರುತ್ತದೆ. ಹಸುಗಳು ಹುಲ್ಲಿನ ಆಸೆಗೆ ದೂರದ ಕಾಡಿಗೆ ನುಗ್ಗಿದವು. ಹುಡುಕಿಕೊಂಡು ಹೋದ ಗೋಪಬಾಲಕರನ್ನು ಬೆಂಕಿ ಸುತ್ತುವರಿಯಿತು. ಅವರು ಕೃಷ್ಣನಿಗೆ ಮೊರೆಯಿಟ್ಟಾಗ ಆತ ಕಣ್ಣು ಮುಚ್ಚಿಕೊಳ್ಳಿರೆಂದು ಹೇಳಿ ಆ ಬೆಂಕಿಯನ್ನೆಲ್ಲ ಕುಡಿದುಬಿಟ್ಟನು.

ಇದನ್ನು ಕೇಳಿದ್ದ ತಪ್ಪಲಿನ ಊರಿನ ಮುದುಕಿಯೊಬ್ಬಳು ಅರ್ಚಕರೊಬ್ಬರ ಮುಂದೆ ನಿಂತು ಅತ್ತಳಂತೆ. "ಅಯ್ನೋರೆ, ಕಾಡಿನ ಬೆಂಕಿನೆಲ್ಲ ಕುಡ್ದೋನು ಅಂತೀರಲ್ಲ, ನನ್ನ ಒಂದು ಹುಲ್ಲಿನ ಮೆದೆ ಯಾಕೆ ಉಳಿಸ್ನಿಲ್ಲ? ಬ್ಯಾಸಗೇಲಿ ಹಸೀಗೆ ಏನ್ ಹಾಕ್ಲಿ?"

"ಮೆದೆ ಎಲ್ಲಿತ್ತು ತಾಯಿ?"

"ಬೇಲಿ ಮಗ್ಗುಲಲ್ಲಿ."

"ಬೇಲಿ ಯಾತರದ್ದು?"

"ಲಂಟಾನ ಬೆಳಕಂಡಿತ್ತು ಸ್ವಾಮಿ. ಅದರಾಚೆಗೆ ಕಾಡು."

ಅರ್ಚಕರು ಸ್ವಲ್ಪ ಹೊತ್ತು ಸುಮ್ಮನಿದ್ದು, "ತಾಯಿ, ಇದು ನಿನ್ನ ಪಾಪದ ಫಲ ಅಲ್ಲ, ದೇವರ ಸಿಟ್ಟೂ ಅಲ್ಲ. ಭಾರತದಲ್ಲಿ ಇನ್ನೊಂದು ಬೆಂಕಿ ಇದೆ, ಅದನ್ನೂ ಕೇಳು" ಎಂದು ಅರಗಿನ ಮನೆಯ ಕಥೆ ಹೇಳಿದರಂತೆ.

ಪಾಂಡವರು ವಾರಣಾವತಕ್ಕೆ ಹೊರಟಾಗ ಕೃಷ್ಣನು ಬಂದು ಬೆಂಕಿ ಕುಡಿಯಲಿಲ್ಲ. ಬಂದದ್ದು ವಿದುರನ ಮಾತು. ಕಾಡನ್ನು ಸುಡುವ ಬೆಂಕಿಯು ಬಿಲದೊಳಗಿನ ಪ್ರಾಣಿಯನ್ನು ಸುಡಲಾರದು, ತಿರುಗಾಡುವವನಿಗೆ ದಾರಿ ತಿಳಿಯುತ್ತದೆ, ನಕ್ಷತ್ರ ನೋಡುವವನಿಗೆ ದಿಕ್ಕು ತಿಳಿಯುತ್ತದೆ ಎಂಬ ಅರ್ಥ ಬರುವಂತೆ ಅವನು ಧರ್ಮರಾಯನಿಗೆ ಒಗಟಾಗಿ ಹೇಳಿದನು. ಪಾಂಡವರು ಅದನ್ನು ಕಿವಿಗೆ ಹಾಕಿಕೊಂಡರು. ವಿದುರನು ಕಳಿಸಿದ ಆಳಿನಿಂದ ಸುರಂಗ ತೋಡಿಸಿದರು. ಹಗಲು ಬೇಟೆಯ ನೆಪದಲ್ಲಿ ತಿರುಗಿ ಕಾಡಿನ ದಾರಿಗಳನ್ನೆಲ್ಲ ನೋಡಿಟ್ಟುಕೊಂಡರು. ಬೆಂಕಿ ಹೊತ್ತಿದ ರಾತ್ರಿ ತಾಯಿ ಕುಂತಿಯನ್ನು ಕರೆದುಕೊಂಡು ಪಾರಾದರು.

ಇದರಲ್ಲಿ ತಿಳಿಯಬೇಕಾದ್ದು ಏನಪ್ಪಾ ಅಂದರೆ, ಭಗವಂತನ ಕೃಪೆ ಬೆಂಕಿ ಬಂದ ಮೇಲೆಯೇ ಬರಬೇಕೆಂದಿಲ್ಲ. ಬೆಂಕಿಗೆ ಮೊದಲು ಎಚ್ಚರಿಕೆಯ ರೂಪದಲ್ಲಿಯೂ ಬರುತ್ತದೆ. ಬಂದ ಎಚ್ಚರಿಕೆಯನ್ನು ಬಿಟ್ಟು ಕೈಮುಗಿದು ಕೂತರೆ ಅದು ಭಕ್ತಿಯಲ್ಲ, ಸೋಮಾರಿತನ.

ಆದ್ದರಿಂದ ಕಾಡಂಚಿನ ಸದ್ಭಕ್ತರು ಸಂಕ್ರಾಂತಿಯೊಳಗೆ ತಮ್ಮ ಸುರಂಗವನ್ನು ತೋಡಿಕೊಳ್ಳತಕ್ಕದ್ದು. ಅಂದರೆ, ಮನೆಯ ಸುತ್ತಲ ಒಣಹುಲ್ಲು, ತರಗೆಲೆ, ಲಂಟಾನ ಪೊದೆಗಳನ್ನು ಸವರಿ ಬರಿನೆಲ ಮಾಡುವುದು. ಮೆದೆ, ಸೌದೆ, ಬೆರಣಿಗಳನ್ನು ಮನೆಗೂ ಬೇಲಿಗೂ ದೂರ ಒಟ್ಟುವುದು. ಬೆಂಕಿ ನೆಲದ ಮೇಲೆ ಮಾತ್ರ ಬರುವುದಿಲ್ಲ, ಗಾಳಿಗೆ ಕಿಡಿ ಹಾರಿ ದೂರದ ಸೋಗೆ ಮಾಡಿನ ಮೇಲೂ ಬೀಳುತ್ತದೆ. ಅದಕ್ಕೇ ಮಾಡಿನ ಮೇಲಿನ ತರಗು ತೆಗೆದು, ಡ್ರಮ್ಮು ಕೊಳಗಗಳಲ್ಲಿ ನೀರು ತುಂಬಿಸಿಡುವುದು. ಪಡಿತರ ಚೀಟಿ, ಆಧಾರ್, ಪಹಣಿ, ಪಾಸ್‌ಬುಕ್ಕು, ದಿನದ ಮಾತ್ರೆಗಳನ್ನು ಒಂದೇ ಚೀಲಕ್ಕೆ ಹಾಕಿ ಕೈಗೆ ಸಿಗುವಂತಿಡುವುದು. ಹೊರಟು ಹೋಗಲು ಎರಡು ದಾರಿ ಗೊತ್ತುಮಾಡಿ ಮಕ್ಕಳಿಗೂ ನಡೆಸಿ ತೋರಿಸುವುದು. ಅಗ್ನಿಶಾಮಕದ 101, ತುರ್ತು ಕರೆಯ 112, ಈ ನಂಬರುಗಳನ್ನು ಗೋಡೆಯ ಮೇಲೆ ಬರೆದಿಡುವುದು.

ಹೊಗೆ ಕಂಡೊಡನೆ ತಿಳಿಸಬೇಕು. ಯಾರು ಯಾವ ಕಡೆ ಹೋಗಬೇಕೆಂದು ಅಧಿಕಾರಿಗಳು ಹೇಳಿದರೆ ಆಗಲೇ ಹೊರಡಬೇಕು. ಎಲ್ಲರಿಗಿಂತ ಮೊದಲು ಮುದುಕರು, ಬಾಣಂತಿಯರು, ಮಕ್ಕಳು. ಮಹಾಭಾರತದ ಆಶ್ರಮವಾಸಿಕ ಪರ್ವದಲ್ಲಿ ಧೃತರಾಷ್ಟ್ರ, ಗಾಂಧಾರಿ, ಕುಂತಿಯರು ಕಾಡ್ಗಿಚ್ಚಿನಲ್ಲಿಯೇ ಮಡಿದರು. ಉಪವಾಸದಿಂದ ಸೊರಗಿದ್ದ ಅವರಿಗೆ ಓಡುವ ಶಕ್ತಿ ಇರಲಿಲ್ಲ. ಸಂಜಯನೊಬ್ಬ ಪಾರಾದ. ಅರಗಿನ ಮನೆಯಿಂದ ಪಾರಾಗಿದ್ದ ಕುಂತಿಯೇ ಮುಪ್ಪಿನಲ್ಲಿ ಬೆಂಕಿಗೆ ಸಿಕ್ಕಿದಳು. ಮನೆಯ ಹಿರಿಯರ ಕೈ ಹಿಡಿಯುವವರು ಯಾರೆಂದು ಮೊದಲೇ ಗೊತ್ತಿರಬೇಕು.

ಹೊರಡುವಾಗ ಗ್ಯಾಸ್ ಬಂದ್ ಮಾಡಿ, ಬಾಗಿಲು ಕಿಟಕಿ ಮುಚ್ಚಿ, ದನಗಳ ಹಗ್ಗ ಬಿಚ್ಚಿ ಹೊಡೆದುಕೊಂಡು ಹೋಗಬೇಕು. ಕಟ್ಟಿದ ದನ ಕಟ್ಟಿದಲ್ಲೇ ಸುಡುತ್ತದೆ. ನೈಲಾನ್ ಸೀರೆ ಶರಟು ಬೇಡ, ಹತ್ತಿಬಟ್ಟೆ ಇರಲಿ. ಹೊಗೆಗೆ ಮೂಗು ಬಾಯಿ ಬಟ್ಟೆಯಿಂದ ಮುಚ್ಚಿಕೊಳ್ಳಬೇಕು. ಬಿಟ್ಟ ಪಾತ್ರೆ ಪಗಡಿಗೆ ಹಿಂದಿರುಗಬಾರದು. ಬೆಂಕಿಗೆ ಎದುರು ಬೆಂಕಿ ಕೊಡುವ ಕೆಲಸ ಅದನ್ನು ಬಲ್ಲ ಅರಣ್ಯ ಸಿಬ್ಬಂದಿಯದು. ಗಾಳಿ ತಿರುಗಿದರೆ ಕೊಟ್ಟವನನ್ನೇ ಅದು ಅಟ್ಟಿಸಿಕೊಂಡು ಬರುತ್ತದೆ.

ಇಳಿಜಾರಿನಲ್ಲಿ ಸಿಕ್ಕಿಬಿದ್ದವರು ಮೇಲಕ್ಕೆ ಓಡಬಾರದು. ಬಿಸಿಗಾಳಿ ಮೇಲೇರಿ ಅಲ್ಲಿನ ಹುಲ್ಲನ್ನು ಮೊದಲೇ ಕಾಯಿಸುವುದರಿಂದ ಬೆಂಕಿಯು ಬೆಟ್ಟವನ್ನು ಮನುಷ್ಯನಿಗಿಂತ ಬೇಗ ಹತ್ತುತ್ತದೆ. ಉತ್ತ ಹೊಲ, ಬರಿ ಬಂಡೆ, ಆಗಲೇ ಸುಟ್ಟು ತಣಿದ ನೆಲ, ಇಂಥ ಜಾಗವನ್ನು ಅಡ್ಡಡ್ಡಲಾಗಿ ಹೋಗಿ ಸೇರಬೇಕು. ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ 2018ರ ಮಾರ್ಚ್ 11ರಂದು ಚಾರಣಕ್ಕೆ ಹೋಗಿದ್ದವರು ಹೀಗೇ ಬೆಂಕಿಗೆ ಸಿಕ್ಕಿ, ಇಪ್ಪತ್ತಕ್ಕೂ ಹೆಚ್ಚು ಜನ ತೀರಿಕೊಂಡರು.

ಈ ಕಾಡಿನಲ್ಲಿಯೂ ಅಂಥ ದುಃಖವುಂಟು. 2017ರ ಫೆಬ್ರವರಿಯಲ್ಲಿ ಬಂಡೀಪುರದ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಮರಳಿ ಬರಲಿಲ್ಲ. 2019ರ ಫೆಬ್ರವರಿಯಲ್ಲಿ ಈ ಬೆಟ್ಟದ ಆಸುಪಾಸಿನಲ್ಲಿಯೂ ಸೇರಿ ಸಾವಿರಾರು ಎಕರೆ ಕಾಡು ಉರಿದು, ವಾಯುಪಡೆಯ ಹೆಲಿಕಾಪ್ಟರುಗಳು ಬಂದು ನೀರು ಸುರಿಯಬೇಕಾಯಿತು. ನಮ್ಮ ಕಡೆಯ ಕಾಡಿಗೆ ಬಹುಪಾಲು ಬೆಂಕಿ ಬೀಳುವುದು ಮನುಷ್ಯರ ಕೈಯಿಂದಲೇ. ಹೊಸ ಹುಲ್ಲು ಚಿಗುರಲೆಂದು ಹಚ್ಚುವವರುಂಟು, ಬೀಡಿ ಸೇದಿ ಎಸೆಯುವವರುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ, ಗೋಪಾಲನ ಲೆಕ್ಕದಲ್ಲಿ ಅವನ ಗೋಮಾಳಕ್ಕೇ ಬೆಂಕಿ ಇಟ್ಟ ಹಾಗೆ. ಯಾತ್ರಿಕರು ಬೆಂಕಿಪೊಟ್ಟಣ, ಬೀಡಿ ಸಿಗರೇಟುಗಳನ್ನು ಕಾಡಿನ ದಾರಿಗೆ ತರಬಾರದು. ಕರ್ಪೂರ, ಊದುಬತ್ತಿ ದೇವಸ್ಥಾನದೊಳಗೆ ಮಾತ್ರ.

ಅಂದು ಅತ್ತ ಮುದುಕಿ ಮರುವರ್ಷ ಮೆದೆಯನ್ನು ಉತ್ತ ಹೊಲದ ನಡುವೆ ಒಟ್ಟಿದಳಂತೆ. ಬೇಲಿಯ ಲಂಟಾನ ಕೀಳಿಸಿದಳಂತೆ. ಆಮೇಲೆ ಬೆಟ್ಟಕ್ಕೆ ಬಂದು, "ಅಯ್ನೋರೆ, ನನ್ ಕೈಲಾದ್ದು ಮಾಡಿವ್ನಿ. ಮಿಕ್ಕದ್ದು ಅವನು ನೋಡ್ಕಳ್ಲಿ" ಎಂದು ಕೈಮುಗಿದಳಂತೆ. ಆ ಪ್ರಾರ್ಥನೆಗೆ ಗೋಪಾಲನು ಕಿವಿಗೊಡುತ್ತಾನೆ.

ಶ್ರೀ ಸ್ವಾಮಿಯು ಕಾಡನ್ನೂ ನಾಡನ್ನೂ ದನಕರುಗಳನ್ನೂ ತಂಪಾಗಿ ಇಡಲಿ. ಶುಭಮಸ್ತು.