ಉಳಿದ ಗುಳಿಗೆ

ಉಣ್ಣುವುದನ್ನು ಚೆಲ್ಲಬಾರದೆಂಬುದು ನಮ್ಮ ಕಡೆಯ ಹಳೆಯ ಧರ್ಮ. ಮಳೆಯ ದಾರಿ ಕಾಯುವ ಬಾದಾಮಿ, ಹುನಗುಂದದ ಸೀಮೆಯಲ್ಲಿ ಅದು ಧರ್ಮವಾಗದೆ ಇನ್ನೇನಾದೀತು? ಬಡಿದ ರೊಟ್ಟಿಯನ್ನು ಒಣಗಿಸಿಟ್ಟು ವಾರಗಟ್ಟಲೆ ಉಣ್ಣುತ್ತೇವೆ. ಹಳೆಯ ಇಳಕಲ್ ಸೀರೆ ಕೌದಿಯಾಗುತ್ತದೆ. ಇದೇ ನ್ಯಾಯವನ್ನು ಔಷಧಕ್ಕೂ ಹಚ್ಚುತ್ತೇವೆ. ಐದು ದಿನಕ್ಕೆಂದು ಕೊಟ್ಟ ಆಂಟಿಬಯಾಟಿಕ್ ಗುಳಿಗೆ, ಮೂರನೆಯ ದಿನ ಜ್ವರ ಬಿಟ್ಟೊಡನೆ, ಗೋಡೆಯ ಗೂಡು ಸೇರುತ್ತದೆ.

ಪೊಟ್ಟಣದ ಮೇಲೆ ತಾರೀಖಿದೆಯಲ್ಲ ಎನ್ನುವಿರಿ. ಅದು ತಯಾರಿಸಿದವನು ಕೊಟ್ಟ ಮಾತು, ಆದರೆ ಷರತ್ತಿನ ಮಾತು. ಒಣಗಿದ ಜಾಗದಲ್ಲಿ, ಬಿಸಿಲು ತಾಗದಂತೆ, ಸಾಮಾನ್ಯವಾಗಿ 25 ಇಲ್ಲವೆ 30 ಡಿಗ್ರಿಯೊಳಗೆ ಇಟ್ಟರೆ ಮಾತ್ರ ಅವನು ಹೊಣೆ. ಬಾಗಲಕೋಟೆಯ ಬೇಸಿಗೆ 40ನ್ನು ಮುಟ್ಟುತ್ತದೆ; ತಗಡಿನ ಮಾಡಿನ ಕೆಳಗಿನ ಮಾತು ಬೇರೆಯೇ. ಮಕ್ಕಳ ಔಷಧದ ಪುಡಿಗೆ ನೀರು ಬೆರೆಸಿದ ಗಳಿಗೆಗೇ ಸೀಸೆಯ ಮೇಲಿನ ವರ್ಷಗಳ ಲೆಕ್ಕ ಮುಗಿಯಿತು; ಅನಂತರ ಅದರ ಆಯುಷ್ಯ ಬಹುಮಟ್ಟಿಗೆ ಒಂದೆರಡು ವಾರ. ಹಳೆಯ ಔಷಧ ಬಹಳ ಸಲ ವಿಷವಾಗುವುದಿಲ್ಲ, ಬಲಗುಂದುತ್ತದೆ. (ಕೆಟ್ಟ ಟೆಟ್ರಾಸೈಕ್ಲಿನ್ ಮೂತ್ರಪಿಂಡಕ್ಕೆ ಹಾನಿ ಮಾಡಿದ ವರದಿ 1963ರಲ್ಲಿ ಬಂದುದುಂಟು.) ಆಂಟಿಬಯಾಟಿಕ್ ಬಲಗುಂದುವುದೇ ದೊಡ್ಡ ಕೇಡು.

ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲಿ ಒಬ್ಬ ಕಲ್ಪಿತ ಗೃಹಸ್ಥನ ಕಥೆ ಹೇಳಿದ. ಗಂಟಲು ನೋವಿಗೆ ಆತ ತಾನೇ ಪೆನಿಸಿಲಿನ್ ತಂದು, ಸಾಲದಷ್ಟು ತೆಗೆದುಕೊಳ್ಳುತ್ತಾನೆ. ಸಾಯದ ಕ್ರಿಮಿಗಳು ಔಷಧವನ್ನು ತಾಳಿಕೊಳ್ಳಲು ಕಲಿತು ಹೆಂಡತಿಯನ್ನು ಹಿಡಿಯುತ್ತವೆ. ಅವಳಿಗೆ ಔಷಧ ನಾಟದೆ ಅವಳು ಸಾಯುತ್ತಾಳೆ. ಉಳಿದ ರೊಟ್ಟಿ ಉಂಡವನ ಪಾಲು. ಗುಳಿಗೆಯ ಪರಿಣಾಮಕ್ಕೆ ಆ ಗಡಿಯಿಲ್ಲ.

ಇಷ್ಟೆಲ್ಲ ತಿಳಿದೂ ಇಳಕಲ್ಲಿನ ನೆರೆಮನೆಯ ನೇಕಾರ ಹೆಂಗಸು ಬಂದಾಗ ನನ್ನ ನಾಲಿಗೆ ತಡವರಿಸಿತು. "ಹುಡುಗಗ ಜ್ವರ ಬಂದೈತ್ರಿ ಅಣ್ಣಾರ. ನಿಮ್ಮನ್ಯಾಗ ನಾಕು ಗುಳಿಗಿ ಉಳಿದಾವಂತಲ್ರಿ, ಕೊಡ್ರಿ. ಚೆಲ್ಲೂದಕ್ಕಿಂತ ಪುಣ್ಯ ಅಲ್ಲೇನ್ರಿ?"

ಇಲ್ಲವೆಂದೆ. ಹಾಗೆನ್ನಲು ನನಗೇನೂ ಖರ್ಚಾಗಲಿಲ್ಲ. ಆಸ್ಪತ್ರೆಗೆ ಹೋದರೆ ಆಕೆಗೆ ಮಗ್ಗದ ಒಂದು ದಿನದ ಕೂಲಿ ಹೋಗುತ್ತದೆ. ಬೇರೆಯವರ ಗಂಟಿನಿಂದ ನೀತಿ ಪಾಲಿಸುವುದು ಎಂಥ ಸುಲಭ! ಜೊತೆಗೆ ಹೊರಟೆ. ವೈದ್ಯರು ಹುಡುಗನನ್ನು ನೋಡಿ, ಇದಕ್ಕೆ ಆಂಟಿಬಯಾಟಿಕ್ ಬೇಕಿಲ್ಲವೆಂದು ಜ್ವರದ ಗುಳಿಗೆಯಷ್ಟೇ ಬರೆದರು. ಕೂಲಿಯ ಲೆಕ್ಕವನ್ನು ನಾನು ಎತ್ತಿದೆ, ಆಕೆ ಒಪ್ಪಲಿಲ್ಲ.

ಹಿಂದಿರುಗುವಾಗ ಔಷಧದ ಅಂಗಡಿಯೊಂದರ ಮುಂದೆ ನಿಂತು ಕೇಳಿದಳು: "ನೀವು ಕೊಡಂಗಿಲ್ಲ ಅಂದ್ರಿ. ಕೆಂಪು ಗೀಟಿನ ಗುಳಿಗಿ ಚೀಟಿ ಇಲ್ದ ಈತ ಕೊಡ್ತಾನಲ್ರಿ, ಅದಕ್ಕೇನಂತೀರಿ?"